ಬೂದಿಯ ಮೋಡ ನೆಲಕ್ಕಿಳಿಯುವ ಬಗೆ: ಜ್ವಾಲಾಮುಖಿಯ ಕಣಗಳು ಮುದ್ದೆಗಟ್ಟುವುದನ್ನು ಕುರಿತು

ಬೆಂಗಳೂರಿನ ಪಶ್ಚಿಮಕ್ಕಿರುವ ಮೂಡಲಪಾಳ್ಯದಲ್ಲಾಗಲಿ, ಅದರ ನೆರೆಯ ವಿಜಯನಗರ, ಕೆಂಗೇರಿಗಳಲ್ಲಾಗಲಿ ಮನೆಯ ಪಾಯಕ್ಕೆಂದು ನೆಲವನ್ನು ಅಗೆದರೆ ಮೊದಲು ಕೆಮ್ಮಣ್ಣು, ಅದರ ಕೆಳಗೆ ಶಿಥಿಲಗೊಂಡ ನೈಸ್ ಶಿಲೆಯ ಗರಸು, ಅದಕ್ಕೂ ಕೆಳಗೆ ಗಟ್ಟಿಯಾದ ಬಂಡೆ ಸಿಕ್ಕುವುದು. ಲಾಲ್‌ಬಾಗಿನ ಬಂಡೆಯೂ ಇದೇ ಜಾತಿಯದು. ಅದರ ವಯಸ್ಸು ಸುಮಾರು ೩೦೦ ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಜ್ವಾಲಾಮುಖಿಯ ಬೂದಿಯೆಂಬುದು ಈ ನೆಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಸುಮಾರು ೭೪,೦೦೦ ವರ್ಷಗಳ ಹಿಂದೆ ಇಂದಿನ ಇಂಡೊನೇಷ್ಯಕ್ಕೆ ಸೇರಿದ ಸುಮಾತ್ರಾ ದ್ವೀಪದಲ್ಲಿ ಟೋಬಾ ಎಂಬ ಜ್ವಾಲಾಮುಖಿ ಸಿಡಿದಾಗ ಎದ್ದ ಬೂದಿಯ ಮೋಡವು ದಕ್ಷಿಣ ಭಾರತದ ಆಕಾಶವನ್ನು ದಾಟಿಹೋಯಿತೆಂಬುದರಲ್ಲಿ ಸಂದೇಹವಿಲ್ಲ. ಆ ಬೂದಿ ಬಂಗಾಳ ಕೊಲ್ಲಿಯ ತಳದಲ್ಲಿಯೂ ದೊರೆತಿದೆ, ಅರಬ್ಬೀ ಸಮುದ್ರದ ತಳದಲ್ಲಿಯೂ ದೊರೆತಿದೆ. ನಡುವಣ ನೆಲವನ್ನು ಬಿಟ್ಟು ಅದು ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ನೆಗೆದಿರಲಾರದು.

ಮೂಡಲಪಾಳ್ಯದಿಂದ ಉತ್ತರ ದಿಕ್ಕಿಗೆ ನೇರವಾಗಿ ಅಳೆದರೆ ೨೫೦ ಕಿಲೋಮೀಟರಿಗೆ ತುಸು ಹೆಚ್ಚಿನ ದೂರದಲ್ಲಿ, ನಮ್ಮ ಬಳ್ಳಾರಿಗೆ ಪೂರ್ವಕ್ಕಿರುವ ಕರ್ನೂಲು ಸೀಮೆಯ ಜುರ್ರೇರು ಹೊಳೆಯ ಕಣಿವೆಯಲ್ಲಿ, ಜ್ವಾಲಾಪುರಂ ಎಂಬ ಹಳ್ಳಿಯ ಬಳಿ ಅದೇ ಬೂದಿ ಎರಡು ಮೀಟರಿಗೂ ಮಿಕ್ಕಿದ ದಪ್ಪದ ಬಿಳಿಯ ಹಾಸಾಗಿ ನಿಂತಿದೆ. ಊರಿನ ಹೆಸರನ್ನು ಕೇಳಿ ಅಲ್ಲಿ ಅಗ್ನಿಪರ್ವತವೊಂದಿತ್ತೆಂದು ವಿದ್ಯಾರ್ಥಿಗಳು ಭಾವಿಸಬಾರದು. ಬೂದಿಯ ತವರು ಅಲ್ಲಿಂದ ಸುಮಾರು ೨,೭೦೦ ಕಿಲೋಮೀಟರು ದೂರದ್ದು. ಪಾತ್ರೆ ಬೆಳಗುವ ಪುಡಿಗೆ ಒದಗುತ್ತದೆಂದು ಜನರು ಅದನ್ನು ಅಗೆದು ಸಾಗಿಸಿದ್ದೂ ಉಂಟು. ಹೀಗೆ ಅಗೆದ ಗುಂಡಿಗಳೇ ಮುಂದೆ ವಿದ್ವಾಂಸರಿಗೆ ಅನುಕೂಲವಾದವು.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಹಿಟ್ಟಿಗಿಂತ ನಯವಾದ ಬೂದಿ ಗಾಳಿಯಲ್ಲಿ ತೇಲುತ್ತಲೇ ಇರದೆ ನೆಲಕ್ಕೆ ಇಳಿದದ್ದು ಹೇಗೆ? ಇಳಿದ ಬೂದಿ ಒಂದು ಕಡೆ ಎರಡು ಮೀಟರು ನಿಂತು ಇನ್ನೊಂದು ಕಡೆ ಹೆಸರಿಲ್ಲದೆ ಹೋದದ್ದು ಏಕೆ? ಮೊದಲನೆಯ ಪ್ರಶ್ನೆಯ ಉತ್ತರ ಗಾಳಿಯಲ್ಲಿದೆ, ಎರಡನೆಯದರದು ನೆಲದ ಮೇಲೆ. ಇವೆರಡನ್ನೂ ವಿಚಾರಿಸದೆ ಬೂದಿಯ ಪದರಿನ ದಪ್ಪವನ್ನಷ್ಟೇ ಅಳೆದು ಸ್ಫೋಟದ ಘೋರತೆಯನ್ನು ನಿರ್ಣಯಿಸ ಹೊರಡುವುದು ಅವಸರದ ಕೆಲಸವೆಂಬುದು ನಮ್ಮ ಅಭಿಪ್ರಾಯ. ಆದಿಮಾನವನ ಚರಿತ್ರೆಯ ಒಂದು ದೊಡ್ಡ ವಾದವೇ ಈ ಅಳತೆಯ ಮೇಲೆ ನಿಂತಿರುವುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ.

ಬೂದಿಯೆಂಬ ಹೆಸರು ರೂಢಿಯಿಂದ ಬಂದದ್ದು. ಕಟ್ಟಿಗೆ ಉರಿದುಳಿದ ಬೂದಿಗೂ ಇದಕ್ಕೂ ಸಂಬಂಧವಿಲ್ಲ. ಭೂಗರ್ಭದ ಶಿಲಾರಸದಲ್ಲಿ ಕರಗಿದ್ದ ನೀರಾವಿ ಮೊದಲಾದ ಅನಿಲಗಳು, ಒತ್ತಡ ಕಡಮೆಯಾದೊಡನೆ ಗುಳ್ಳೆಗಳಾಗಿ ಉಬ್ಬಿ ಶಿಲಾರಸವನ್ನು ಚೂರುಚೂರಾಗಿ ಒಡೆಯುತ್ತವೆ. ಆ ಚೂರುಗಳು ಕ್ಷಣಮಾತ್ರದಲ್ಲಿ ಆರಿ ಗಾಜಾಗುತ್ತವೆ. ಇವುಗಳಲ್ಲಿ ೨ ಮಿಲಿಮೀಟರಿಗಿಂತ ಚಿಕ್ಕವಾದುವುಗಳಿಗೆ ಬೂದಿಯೆಂದು ಹೆಸರು. ಟೋಬಾದ ಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಗುಳ್ಳೆಗಳ ಗೋಡೆಗಳು ಬಾಗಿದ ಬಳೆಚೂರುಗಳಂತೆ ಕಾಣುತ್ತವೆ; ಮೂರು ಗುಳ್ಳೆಗಳು ಕೂಡಿದ್ದ ಮೂಲೆಗಳು ಮುಕ್ಕವಲಾಗಿ ಉಳಿದಿರುತ್ತವೆ.

ಇಂತಹ ಕಣವೊಂದು ನಿಶ್ಚಲವಾದ ಗಾಳಿಯಲ್ಲಿ ಬೀಳುವ ವೇಗವನ್ನು ಸ್ಟೋಕ್ಸ್ ಎಂಬ ಗಣಿತಜ್ಞರು ೧೮೫೧ರಲ್ಲಿ ಕೊಟ್ಟ ಸೂತ್ರದಿಂದ ಲೆಕ್ಕಮಾಡಬಹುದು. ಸಣ್ಣ ಕಣಗಳಲ್ಲಿ ಈ ವೇಗವು ವ್ಯಾಸದ ವರ್ಗಕ್ಕೆ ಅನುಪಾತವಾಗಿರುತ್ತದೆ. ವ್ಯಾಸ ಹತ್ತನೆಯ ಒಂದು ಪಾಲಾದರೆ ವೇಗ ನೂರನೆಯ ಒಂದು ಪಾಲಾಗುವುದು. ಘನ ಸೆಂಟಿಮೀಟರಿಗೆ ೨.೪ ಗ್ರಾಂ ತೂಗುವ, ೧೦ ಮೈಕ್ರಾನ್ ವ್ಯಾಸದ ಗಾಜಿನ ಕಣವು ಸೆಕೆಂಡಿಗೆ ಸುಮಾರು ೦.೭ ಸೆಂಟಿಮೀಟರಿನಷ್ಟೇ ಇಳಿಯುತ್ತದೆ. ೨೦ ಕಿಲೋಮೀಟರು ಎತ್ತರದಿಂದ ಅದು ನೆಲ ಮುಟ್ಟಬೇಕಾದರೆ ಒಂದು ತಿಂಗಳು ಬೇಕು. ಅಷ್ಟರಲ್ಲಿ ಸೆಕೆಂಡಿಗೆ ೨೦ ಮೀಟರು ವೇಗದ ಗಾಳಿ ಅದನ್ನು ಭೂಮಂಡಲದ ಸುತ್ತ ಒಂದು ಸುತ್ತಿಗಿಂತ ಹೆಚ್ಚಾಗಿಯೇ ಒಯ್ದಿರುತ್ತದೆ. ಮೇಲಣ ತೆಳುಗಾಳಿಯಲ್ಲಿ ವೇಗ ಕೊಂಚ ವ್ಯತ್ಯಾಸವಾಗುವುದಾದರೂ ನಮ್ಮ ವಾದಕ್ಕೆ ಅದರಿಂದ ಬಾಧಕವಿಲ್ಲ. ಈ ಲೆಕ್ಕದಂತೆ ನಯವಾದ ಬೂದಿ ಯಾವ ಊರಿನಲ್ಲಿಯೂ ಪದರಾಗಿ ಬೀಳತಕ್ಕದ್ದಲ್ಲ. ಭೂಮಿಯ ಮೇಲೆಲ್ಲ ಕಣ್ಣಿಗೆ ಕಾಣದಷ್ಟು ತೆಳುವಾಗಿ ಚದರಿಹೋಗತಕ್ಕದ್ದು.

ಆದರೆ ನಡೆದದ್ದು ಬೇರೆ. ೧೯೮೦ನೆಯ ಇಸವಿ ಮೇ ೧೮ರಂದು ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಸೇಂಟ್ ಹೆಲೆನ್ಸ್ ಪರ್ವತ ಸಿಡಿಯಿತು. ಪರ್ವತದಿಂದ ದೂರ ಹೋದಂತೆಲ್ಲ ಬೂದಿಯ ಪದರು ತೆಳುವಾಗುತ್ತ ಹೋಗಬೇಕಷ್ಟೆ. ಹಾಗೆಯೇ ತೆಳುವಾಗುತ್ತ ಬಂದ ಪದರು ಸುಮಾರು ೩೦೦ ಕಿಲೋಮೀಟರು ದೂರದ ರಿಟ್ಜ್‌ವಿಲ್ ಎಂಬ ಊರಿನ ಆಸುಪಾಸಿನಲ್ಲಿ ಮತ್ತೆ ದಪ್ಪವಾಗಿತ್ತು. ಅಲ್ಲಿ ಬಿದ್ದ ಬೂದಿಯಲ್ಲಿ ಬಹುಪಾಲು ೬೩ ಮೈಕ್ರಾನಿಗಿಂತ ನಯವಾದದ್ದು; ಸ್ಟೋಕ್ಸ್ ಸೂತ್ರವನ್ನು ನಂಬುವುದಾದರೆ ಅದರ ಹೆಚ್ಚಿನ ಭಾಗ ಆ ಊರನ್ನು ಮುಟ್ಟದೆ ಮುಂದಕ್ಕೆ ಹಾರಿಹೋಗಬೇಕಾಗಿತ್ತು. ೧೯೮೨ರಲ್ಲಿ ಕ್ಯಾರಿ ಮತ್ತು ಸಿಗರ್ಡ್‌ಸನ್ ಎಂಬ ಇಬ್ಬರು ವಿದ್ವಾಂಸರು ಈ ಒಗಟನ್ನು ಬಿಡಿಸಿದರು. ಕಣಗಳು ಒಂಟಿಯಾಗಿ ಬೀಳಲಿಲ್ಲ, ಹಾದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿ ಬಿದ್ದವು ಎಂದು ಭಾವಿಸಿದಾಗ ಮಾತ್ರ ಲೆಕ್ಕವು ಕಂಡದ್ದಕ್ಕೆ ಸರಿಹೊಂದಿತು. ಇದು ಬರಿಯ ಊಹೆಯಾಗಿರಲಿಲ್ಲ. ಅದೇ ಸ್ಫೋಟದ ಬೂದಿ ಪುಲ್‌ಮನ್ ಎಂಬ ಊರಿನಲ್ಲಿ ಉದುರುತ್ತಿದ್ದಾಗ, ಕಾಲರಿಂದ ಅರೆ ಮಿಲಿಮೀಟರು ಗಾತ್ರದ ಗೊಂಚಲುಗಳು ಬಿದ್ದೊಡನೆಯೇ ಒಡೆದು ಪುಡಿಯಾಗುತ್ತಿದ್ದುದನ್ನು ಕಂಡವರಿದ್ದರು.

ಇಂತಹ ಗೊಂಚಲಿನ ವಿಷಯದಲ್ಲಿ ನಾವು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ೩೦೦ ಮೈಕ್ರಾನ್ ವ್ಯಾಸದ ಗೊಂಚಲೊಂದು ಬಹಳ ಸಡಿಲವಾಗಿದ್ದು, ಘನ ಸೆಂಟಿಮೀಟರಿಗೆ ಅರ್ಧ ಗ್ರಾಂ ಮಾತ್ರ ತೂಗುತ್ತದೆಂದು ಇಟ್ಟುಕೊಳ್ಳೋಣ. ೧೦ ಮೈಕ್ರಾನಿನ ಕಣಗಳು ಸುಮಾರು ೫,೬೦೦ ಕೂಡಿದರೆ ಇಂತಹದೊಂದು ಆಗುತ್ತದೆ. ಗಾಳಿಯ ಅಡ್ಡಿಯನ್ನು ಸರಿಯಾಗಿ ಗಣಿಸಿದರೆ ಅದರ ಪತನವೇಗ ಸೆಕೆಂಡಿಗೆ ಸುಮಾರು ೭೦ ಸೆಂಟಿಮೀಟರು, ಎಂದರೆ ಒಂಟಿ ಕಣದ ವೇಗದ ನೂರರಷ್ಟು. ತಿಂಗಳ ಪಯಣ ಎಂಟು ಗಂಟೆಗೆ ಇಳಿಯಿತು; ಅದೇ ಗಾಳಿಯಲ್ಲಿ ಹೋದ ದೂರ ೬೦೦ ಕಿಲೋಮೀಟರಿನೊಳಗೆ ನಿಂತಿತು. ಬೂದಿ ಎಲ್ಲಿ ಬೀಳುವುದೆಂಬುದನ್ನು ನಿರ್ಣಯಿಸುವುದು ಕಣದ ಗಾತ್ರವಲ್ಲ, ಕಣಗಳ ಕೂಟದ ಗಾತ್ರ.

ಕಣಗಳು ಅಂಟಿಕೊಳ್ಳುವುದು ಹೇಗೆ? ಅಂಟಬೇಕಾದರೆ ಮೊದಲು ಅವು ತಾಗಬೇಕು. ಮೋಡದೊಳಗಿನ ಸುಳಿಗಾಳಿಯಿಂದಲೂ, ದಪ್ಪ ಕಣವು ಬೇಗ ಇಳಿಯುತ್ತ ದಾರಿಯಲ್ಲಿ ಸಿಕ್ಕ ನಯವಾದ ಕಣಗಳನ್ನು ಹಿಡಿಯುವುದರಿಂದಲೂ ತಾಗಾಟ ನಡೆಯುತ್ತದೆ. ಕಣಗಳ ಸಂದಣಿ ಇಮ್ಮಡಿಯಾದರೆ ತಾಗಾಟಗಳು ಸುಮಾರು ನಾಲ್ಮಡಿಯಾಗುತ್ತವೆ. ಪೋಲೆಂಡಿನ ಸ್ಮೊಲುಕೋವ್‌ಸ್ಕಿಯವರು ೧೯೧೬ರ ಸುಮಾರಿನಲ್ಲಿ ದ್ರವದೊಳಗಿನ ಕಣಗಳಿಗಾಗಿ ರಚಿಸಿದ ಸಮೀಕರಣವನ್ನೇ ಇಂದಿಗೂ ಬೂದಿಯ ಮೋಡಕ್ಕೆ ಹೊಂದಿಸಿಕೊಳ್ಳುತ್ತಾರೆ. ಕಷ್ಟವಿರುವುದು ಆ ಸಮೀಕರಣದಲ್ಲಿ ಅಲ್ಲ, ತಾಗಿದ ನೂರರಲ್ಲಿ ಎಷ್ಟು ಅಂಟುತ್ತವೆ, ಎಷ್ಟು ಪುಟಿದು ದೂರ ಸರಿಯುತ್ತವೆ ಎಂಬ ಒಂದು ಅಂಕಿಯಲ್ಲಿ. ಅದು ಕಣದ ಗಾತ್ರ, ತೇವ, ವಿದ್ಯುದಾವೇಶಗಳಿಗೆ ತಕ್ಕಂತೆ ಬದಲಾಗುತ್ತದೆ.

ಒಣಗಿದ ಮೋಡದಲ್ಲಿ ಅಂಟಿನ ಕೆಲಸವನ್ನು ವಿದ್ಯುತ್ತು ಮಾಡುತ್ತದೆ. ಶಿಲಾರಸ ಒಡೆಯುವಾಗಲೂ ಚೂರುಗಳು ಉಜ್ಜಿಕೊಳ್ಳುವಾಗಲೂ ಕಣಗಳಲ್ಲಿ ಧನ ಮತ್ತು ಋಣ ಆವೇಶಗಳು ಹುಟ್ಟುತ್ತವೆ. ಜ್ವಾಲಾಮುಖಿಯ ಹೊಗೆಯಲ್ಲಿ ಮಿಂಚು ಹೊಳೆಯುವುದು ಇದರಿಂದಲೇ. ವಿರುದ್ಧ ಆವೇಶದ ಕಣಗಳು ಒಂದನ್ನೊಂದು ಸೆಳೆದು ಸಡಿಲವಾದ ಗೊಂಚಲಾಗುತ್ತವೆ. ಇವು ಬಲು ದುರ್ಬಲ, ಬಿದ್ದೊಡನೆ ಒಡೆದುಹೋಗುತ್ತವೆ. ೨೦೧೦ರಲ್ಲಿ ಐಸ್‌ಲೆಂಡಿನ ಎಯ್ಯಾಫ್ಯಾಟ್ಲಯೋಕುಟ್ಲ್ ಸಿಡಿದಾಗ ಅತಿವೇಗದ ಕ್ಯಾಮೆರಾದಿಂದ ಇಂತಹ ಗೊಂಚಲುಗಳು ಬೀಳುವುದನ್ನೇ ಚಿತ್ರಿಸಿಕೊಳ್ಳಲಾಯಿತು. ಅದಕ್ಕೆ ಮೊದಲು ನೆಲದ ಮೇಲಣ ಪುಡಿಯನ್ನು ಮಾತ್ರ ನೋಡಿದವರಿಗೆ ಗೊಂಚಲಿದ್ದಿತೆಂದು ಒಪ್ಪಿಸುವುದು ಸುಲಭವಾಗಿರಲಿಲ್ಲ.

ತೇವವಿದ್ದಲ್ಲಿ ಕಥೆ ಬೇರೆ. ಬೇಸಗೆಯ ಕೊನೆಯಲ್ಲಿ ಮೊದಲ ಮಳೆಯ ದಪ್ಪ ಹನಿಗಳು ದೂಳು ತುಂಬಿದ ಹಾದಿಯ ಮೇಲೆ ಬಿದ್ದಾಗ, ಒಂದೊಂದು ಹನಿಯೂ ದೂಳನ್ನು ಸುತ್ತಿಕೊಂಡು ಸಣ್ಣ ಗುಂಡಾಗುವುದನ್ನು ನಮ್ಮ ಬಯಲುಸೀಮೆಯವರೆಲ್ಲರೂ ಕಂಡಿದ್ದಾರೆ. ಬೂದಿಯ ಮೋಡದಲ್ಲಿಯೂ ಹೀಗೆಯೇ. ಕಣದ ಮೇಲೆ ನೀರಿನ ತೆಳುವಾದ ಪೊರೆ ಕೂತರೆ, ತಾಗಿದ ಇನ್ನೊಂದು ಕಣವನ್ನು ಆ ಪೊರೆಯ ಎಳೆತ ಬಿಡದೆ ಹಿಡಿಯುತ್ತದೆ. ಈ ಹಿಡಿತವು ಒಣ ವಿದ್ಯುತ್ತಿನ ಸೆಳೆತಕ್ಕಿಂತ ಎಷ್ಟೋ ಬಲವಾದದ್ದು. ಆದರೆ ನೀರಿನ ಪ್ರಮಾಣ ಹದವಾಗಿರಬೇಕು. ತಂಬಿಟ್ಟಿನ ಉಂಡೆ ಕಟ್ಟುವವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಪಾಕ ಕಡಮೆಯಾದರೆ ಉಂಡೆ ನಿಲ್ಲದು, ಹೆಚ್ಚಾದರೆ ಅಂಬಲಿಯಾಗುವುದು. ನೀರು ಮಿತಿಮೀರಿದಾಗ ಆಕಾಶದಿಂದ ಕೆಸರಿನ ಮಳೆಯೇ ಸುರಿಯುತ್ತದೆ. ೧೯೯೧ರ ಜೂನ್ ೧೫ರಂದು ಫಿಲಿಪೈನ್ಸಿನ ಪಿನಾಟುಬೊ ಸಿಡಿದ ದಿನವೇ ಯುನ್ಯ ಎಂಬ ಚಂಡಮಾರುತವೂ ಬಂದೆರಗಿ, ಮಳೆಯಲ್ಲಿ ನೆನೆದ ಬೂದಿಯ ಭಾರಕ್ಕೆ ಮನೆಗಳ ಮಾಡುಗಳು ಕುಸಿದು ನೂರಾರು ಜನ ಮಡಿದರು. ಒಣಬೂದಿಯಾಗಿದ್ದರೆ ಅಷ್ಟು ಭಾರ ಬೀಳುತ್ತಿರಲಿಲ್ಲ.

ಹದವಾದ ತೇವದಲ್ಲಿ ಹುಟ್ಟಿದ ಗುಂಡುಗಳು ಕೆಲವೊಮ್ಮೆ ಬಟಾಣಿಯಷ್ಟು ದಪ್ಪವಾಗುತ್ತವೆ. ಕತ್ತರಿಸಿ ನೋಡಿದರೆ ಒಳಗೆ ಒರಟಾದ ತಿರುಳು, ಹೊರಗೆ ಈರುಳ್ಳಿಯಂತೆ ಸುತ್ತುಸುತ್ತಾದ ನಯವಾದ ಪೊರೆಗಳು. ವೆಸೂವಿಯಸ್ ಪರ್ವತವು ಕ್ರಿ. ಶ. ೭೯ರಲ್ಲಿ ಪೊಂಪೈ ನಗರವನ್ನು ಹೂಳಿದಾಗ ಬಿದ್ದ ಪದರುಗಳಲ್ಲಿ ಇವು ಇಂದಿಗೂ ಸಿಕ್ಕುತ್ತವೆ. ಇಷ್ಟು ಕಾಲ ಒಡೆಯದೆ ಉಳಿಯಲು ಕಾರಣ ಉಪ್ಪು. ಜ್ವಾಲಾಮುಖಿಯ ಅನಿಲಗಳಲ್ಲಿರುವ ಗಂಧಕಾಮ್ಲ, ಹೈಡ್ರೊಕ್ಲೋರಿಕ್ ಆಮ್ಲಗಳು ನೀರಿನ ಪೊರೆಯಲ್ಲಿ ಕರಗಿ, ಗಾಜಿನಿಂದ ಸೋಡಿಯಂ, ಕ್ಯಾಲ್ಸಿಯಂಗಳನ್ನು ಎಳೆದುಕೊಳ್ಳುತ್ತವೆ. ನೀರು ಆರಿದಾಗ ಜಿಪ್ಸಮ್ಮಿನಂತಹ ಲವಣಗಳ ಹರಳುಗಳು ಕಣಗಳ ನಡುವೆ ಗಾರೆಯಂತೆ ಉಳಿಯುತ್ತವೆ. ಮೇಲಣ ಚಳಿಯಲ್ಲಿ ನೀರು ಹೆಪ್ಪುಗಟ್ಟಿದರೆ ಗುಂಡು ಆಲಿಕಲ್ಲಾಗಿಯೂ ಬೀಳಬಹುದು. ೨೦೦೯ರಲ್ಲಿ ಅಲಾಸ್ಕದ ರಿಡೌಟ್ ಪರ್ವತದ ಬೂದಿ ಹೀಗೆ ಹಿಮದ ಗುಂಡುಗಳಾಗಿ ಬಿದ್ದದ್ದು ದಾಖಲೆಯಾಗಿದೆ. ಅಂತಹ ಗುಂಡು ಕರಗಿದ ಮೇಲೆ ಉಳಿಯುವುದು ಬರಿಯ ಪುಡಿ. ಒಣ ಗೊಂಚಲೂ ಹಿಮದ ಗುಂಡೂ ತಮ್ಮ ಗುರುತನ್ನು ತಾವೇ ಅಳಿಸಿಕೊಳ್ಳುತ್ತವೆ; ಆದ್ದರಿಂದ ಪದರಿನಲ್ಲಿ ಗುಂಡುಗಳು ಕಾಣವೆಂಬ ಮಾತ್ರಕ್ಕೆ ಕಣಗಳು ಮುದ್ದೆಗಟ್ಟಲಿಲ್ಲವೆಂದು ಹೇಳುವಂತಿಲ್ಲ.

ಕೂಡದೆ ಒಂಟಿಯಾಗಿ ಉಳಿದ ಕಣಗಳ ಪಾಡೇನು? ಅವು ವಿಮಾನಗಳಿಗೆ ಕಂಟಕವಾಗುತ್ತವೆ. ೧೯೮೨ರ ಜೂನ್ ೨೪ರಂದು ಜಾವಾದ ಗಲುಂಗುಂಗ್ ಪರ್ವತದ ಬೂದಿಯೊಳಗೆ ಹೊಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕು ಎಂಜಿನುಗಳೂ ನಿಂತುಹೋಗಿ, ಕೆಳಗಿಳಿದ ಮೇಲೆ ಪುಣ್ಯವಶಾತ್ ಮತ್ತೆ ಹೊತ್ತಿಕೊಂಡವು. ೨೦೨೫ರ ನವೆಂಬರಿನಲ್ಲಿ ಇಥಿಯೋಪಿಯದ ಹೈಲಿ ಗುಬ್ಬಿ ಸಿಡಿದಾಗ ಅದರ ಮೋಡವು ಕೆಂಪು ಸಮುದ್ರ, ಅರೇಬಿಯಗಳನ್ನು ದಾಟಿ ಗುಜರಾತ್, ರಾಜಸ್ಥಾನ, ದೆಹಲಿಗಳ ಮೇಲೆ ಹಾದುಹೋಯಿತು. ಕೆಲವು ವಿಮಾನಗಳು ರದ್ದಾದವು. ಲೋಕದಲ್ಲಿ ಇಂತಹ ಮೋಡಗಳನ್ನು ಕಾಯುವ ಒಂಬತ್ತು ಕೇಂದ್ರಗಳಿವೆ. ಮೋಡ ಎಷ್ಟು ಹೊತ್ತು ತೇಲೀತೆಂದು ಗಣಿಸುವವರಿಗೆ ಕಣಗಳಲ್ಲಿ ಎಷ್ಟು ಪಾಲು ಕೂಡಿ ಬಿದ್ದುಹೋಯಿತೆಂಬುದು ತಿಳಿಯಲೇಬೇಕು. ಆ ಪಾಲನ್ನು ಹೆಚ್ಚಾಗಿ ಹಿಡಿದರೆ ಆಕಾಶ ತಿಳಿಯಾಯಿತೆಂಬ ಭ್ರಮೆ. ಕಡಮೆಯಾಗಿ ಹಿಡಿದರೆ ಕಾರಣವಿಲ್ಲದೆ ವಿಮಾನ ನಿಲ್ದಾಣಗಳು ಮುಚ್ಚಿರುತ್ತವೆ.

ಇನ್ನು ಟೋಬಾಕ್ಕೆ ಹಿಂದಿರುಗೋಣ. ಅಂದು ಹೊರಬಿದ್ದ ಶಿಲಾರಸ ಸುಮಾರು ೨,೮೦೦ ಘನ ಕಿಲೋಮೀಟರು ಎಂಬುದು ಬಹುಕಾಲ ಬಳಕೆಯಲ್ಲಿರುವ ಅಂದಾಜು. ಕುಸಿದ ಕುಳಿಯಲ್ಲಿ ಇಂದು ೧೦೦ ಕಿಲೋಮೀಟರು ಉದ್ದದ ಸರೋವರವಿದೆ. ಬೂದಿ ಪಶ್ಚಿಮಕ್ಕೆ ಭಾರತದ ಕಡೆಗೂ, ಈಶಾನ್ಯಕ್ಕೆ ದಕ್ಷಿಣ ಚೀನಾ ಸಮುದ್ರದ ಕಡೆಗೂ ಹೋಗಿದೆ. ಮುಂಗಾರಿನ ಕಾಲದಲ್ಲಿ ಕೆಳಗೆ ನೈರುತ್ಯದ ಗಾಳಿ, ಮೇಲೆ ಪೂರ್ವದ ಗಾಳಿ ಬೀಸುವುದರಿಂದ ಸ್ಫೋಟ ಆ ಋತುವಿನಲ್ಲಿಯೇ ಆಗಿರಬೇಕೆಂದು ಕೆಲವರು ತರ್ಕಿಸಿದ್ದಾರೆ. ತರ್ಕ ಸೊಗಸಾಗಿದೆ. ಸೆಕೆಂಡಿಗೆ ೨೦ ಮೀಟರು ವೇಗದ ಗಾಳಿಯಾದರೆ ಮೋಡ ಜ್ವಾಲಾಪುರಂ ಸೇರಲು ಒಂದೂವರೆ ದಿನ ಹಿಡಿಯುವುದು. ೩೦ ಕಿಲೋಮೀಟರು ಎತ್ತರದಿಂದ ಅಷ್ಟು ಹೊತ್ತಿನಲ್ಲಿ ಒಂಟಿಯಾಗಿ ಇಳಿಯಬಲ್ಲ ಗಾಜಿನ ಕಣ ೫೫ ಮೈಕ್ರಾನಿನಷ್ಟು ದಪ್ಪವಿರಬೇಕು. ಅದಕ್ಕಿಂತ ಬಹಳ ನಯವಾದ ಪುಡಿಯೂ ಅದೇ ಹೊತ್ತಿನಲ್ಲಿ ಅಲ್ಲಿ ಬಿದ್ದಿರಬೇಕಾದರೆ, ಅದು ಗೊಂಚಲಾಗಿ ಬಂದಿರಬೇಕು ಇಲ್ಲವೆ ಮಳೆಯೊಡನೆ ತೊಳೆದುಬಂದಿರಬೇಕು.

ನೆಲಕ್ಕೆ ಬಿದ್ದ ಮೇಲೆ ಎರಡನೆಯ ಅಧ್ಯಾಯ. ಜ್ವಾಲಾಪುರಂನ ಹಾಸಿನಲ್ಲಿ ಆಕಾಶದಿಂದ ನೇರವಾಗಿ ಬಿದ್ದದ್ದು ತಳದ ಕೆಲವೇ ಸೆಂಟಿಮೀಟರುಗಳು. ಉಳಿದದ್ದೆಲ್ಲ ಸುತ್ತಣ ಇಳಿಜಾರುಗಳಲ್ಲಿ ಬಿದ್ದು, ಮಳೆಯ ನೀರಿನೊಡನೆ ತಗ್ಗಿಗೆ ಹರಿದು ಬಂದು ಸೇರಿದ್ದು. ಕಣಿವೆಯ ತಳ ಬಟ್ಟಲಿನಂತಿದ್ದು ಬಂದದ್ದನ್ನು ಹಿಡಿದಿಟ್ಟಿತು. ಮೇಲೆ ಮಣ್ಣು ಬೇಗನೆ ಮುಚ್ಚಿತು. ಬೆಂಗಳೂರಿನ ದಿಣ್ಣೆಯ ಮೇಲೆ ಬಿದ್ದದ್ದಕ್ಕೆ ಈ ಅದೃಷ್ಟವಿರಲಿಲ್ಲ. ಮೂಡಲಪಾಳ್ಯದ ಕಡೆಯ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹರಿಯುವಂತಹುದು. ಕೆಲವು ಮುಂಗಾರುಗಳಲ್ಲಿಯೇ ಇಲ್ಲಿಯ ತೆಳುವಾದ ಹೊದಿಕೆ ಆ ಹಾದಿ ಹಿಡಿದಿರುವುದೆಂದು ಊಹಿಸಿದರೆ ತಪ್ಪಾಗದು.

ಎರಡು ಮೀಟರಿಗೂ ಕೆಲವು ಸೆಂಟಿಮೀಟರಿಗೂ ಇರುವ ಅಂತರ ಸಾಮಾನ್ಯವಾದುದಲ್ಲ. ಎರಡು ಮೀಟರು ಬೂದಿ ನೇರವಾಗಿ ಬಿದ್ದಿದ್ದರೆ ಗಿಡಮರ, ಪಶುಪ್ರಾಣಿ, ಮನುಷ್ಯ ಯಾವುದೂ ಉಳಿಯುವಂತಿರಲಿಲ್ಲ. ಟೋಬಾದಿಂದ ಮಾನವ ಕುಲವೇ ಬಹುಮಟ್ಟಿಗೆ ನಾಶವಾಗಿ ಅಳಿದುಳಿದ ಕೆಲವರಿಂದ ಇಂದಿನ ಜನಾಂಗ ಬೆಳೆಯಿತೆಂಬ ವಾದವನ್ನು ಸ್ಟ್ಯಾನ್ಲಿ ಆಂಬ್ರೋಸ್ ೧೯೯೮ರಲ್ಲಿ ಮಂಡಿಸಿದ್ದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಮೈಕೆಲ್ ಪೆಟ್ರಾಗ್ಲಿಯಾ ಅವರೂ ಇತರರೊಡನೆ ಜ್ವಾಲಾಪುರಂನಲ್ಲಿ ಉತ್ಖನನ ನಡೆಸಿ, ೨೦೦೭ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಬೂದಿಯ ಕೆಳಗೂ ಮೇಲೂ ಸಿಕ್ಕಿದ ಮಧ್ಯ ಹಳೆಯ ಶಿಲಾಯುಗದ ಕಲ್ಲಿನ ಉಪಕರಣಗಳು ಹೆಚ್ಚು ಕಡಮೆ ಒಂದೇ ಬಗೆಯವು. ಆದ್ದರಿಂದ ಅಲ್ಲಿಯ ಜನರ ಬಾಳು ಕಡಿದುಹೋಗಲಿಲ್ಲವೆಂದು ಅವರ ಮತ. ಪ್ರತಿಪಕ್ಷದವರು ಬಂಗಾಳ ಕೊಲ್ಲಿಯ ಪರಾಗಕಣಗಳನ್ನೂ ಮಧ್ಯಭಾರತದ ಪ್ರಾಚೀನ ಮಣ್ಣಿನ ಇಂಗಾಲವನ್ನೂ ಪರೀಕ್ಷಿಸಿ, ಬೂದಿ ಬಿದ್ದ ಮೇಲೆ ಕಾಡು ಕ್ಷೀಣಿಸಿ ಹುಲ್ಲು ಹೆಚ್ಚಿತೆಂದು ೨೦೦೯ರಲ್ಲಿ ತೋರಿಸಿದರು. ಎರಡೂ ನಿಜವಾಗಿರಬಾರದೆಂದೇನೂ ಇಲ್ಲ: ಕಾಡು ಕ್ಷೀಣಿಸಿದರೂ ಜನ ಹೇಗೋ ಉಳಿದಿರಬಹುದು. ನಮಗಂತೂ ಕೋರಿಶೆಟ್ಟರ್ ಅವರ ಪಕ್ಷವೇ ಬಲವಾಗಿ ತೋರುತ್ತದೆ.

ಮಹಾರಾಷ್ಟ್ರದ ಕುಕಡಿ ನದಿಯ ತೀರದ ಬೋರಿ ಎಂಬಲ್ಲಿಯ ಬೂದಿಯದು ಇನ್ನೂ ತೊಡಕಿನ ಕಥೆ. ಅದು ೭೪,೦೦೦ ವರ್ಷಗಳ ಹಿಂದಿನದೆಂದು ಕೆಲವರೂ, ಟೋಬಾದ ಹಿಂದಿನ ಸ್ಫೋಟವೊಂದರದಾಗಿ ಲಕ್ಷಾಂತರ ವರ್ಷ ಹಳೆಯದೆಂದು ಕೆಲವರೂ ವಾದಿಸಿದ್ದಾರೆ. ಅಲ್ಲಿಯ ಕಲ್ಲುಗೊಡಲಿಗಳ ವಯಸ್ಸು ಈ ತೀರ್ಮಾನವನ್ನೇ ಕಾದಿದೆ. ಹರಿದು ಬಂದು ನಿಂತ ಬೂದಿಯಲ್ಲಿ ಹಳೆಯ ನೆಲದ ಖನಿಜಗಳು ಬೆರೆತಿದ್ದರೆ ಕಾಲನಿರ್ಣಯ ಕೆಡುವುದು ಸಹಜ.

ನಮ್ಮ ರಾಜ್ಯದ ಹೊಳೆಗಳ ದಡಗಳಲ್ಲಿಯೂ, ಅದರಲ್ಲಿ ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ, ಇಂತಹ ಪದರು ಸಿಕ್ಕಬಾರದೆಂದೇನೂ ಇಲ್ಲ. ವಿದ್ಯಾರ್ಥಿಗಳೊಡನೆ ಕ್ಷೇತ್ರಕಾರ್ಯಕ್ಕೆ ಹೋಗುವ ಅಧ್ಯಾಪಕರು ದಡದ ಕೊರಕಲುಗಳಲ್ಲಿ ಬಿಳಿಯ ಅಥವಾ ಬೂದುಬಣ್ಣದ, ಕೈಗೆ ಹಗುರವಾದ, ಹಿಟ್ಟಿನಂತಿದ್ದು ಬೆರಳಿನಲ್ಲಿ ಉಜ್ಜಿದರೆ ಗರಗರ ಎನ್ನುವ ಪದರನ್ನು ಕಂಡರೆ ಅದರ ಮೇಲೆ ಒಂದು ತೊಟ್ಟು ಸಾರಗುಂದಿಸಿದ ಹೈಡ್ರೊಕ್ಲೋರಿಕ್ ಆಮ್ಲವನ್ನು ಬಿಡಬೇಕು. ನೊರೆಯುಕ್ಕಿದರೆ ಅದು ನಮ್ಮಲ್ಲಿ ಹೇರಳವಾಗಿರುವ ಸುಣ್ಣದ ಮಣ್ಣು. ನೊರೆ ಬಾರದಿದ್ದರೆ ಚಿಟಿಕೆಯಷ್ಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಎರಡು ಧ್ರುವಕಗಳನ್ನು ಅಡ್ಡಲಾಗಿ ನಿಲ್ಲಿಸಿ ತಟ್ಟೆಯನ್ನು ತಿರುಗಿಸಬೇಕು. ಬಳೆಚೂರಿನ ಆಕಾರದ ಕಣಗಳು ಯಾವ ಕೋನದಲ್ಲಿಯೂ ಬೆಳಗದೆ ಕಪ್ಪಾಗಿಯೇ ಉಳಿದರೆ ಅವು ಗಾಜು. ಆಗ ಪದರಿನ ಒಟ್ಟು ದಪ್ಪವನ್ನು ಬರೆದುಕೊಳ್ಳುವುದಕ್ಕೆ ಮೊದಲು, ತಳದ ನಾಲ್ಕಾರು ಸೆಂಟಿಮೀಟರನ್ನು ಬೇರೆಯಾಗಿ, ಮೇಲಣದನ್ನು ಬೇರೆಯಾಗಿ ಚೀಲಗಳಲ್ಲಿ ತುಂಬಿಕೊಳ್ಳಬೇಕು.